ಮೀನಿಗಾಗಿ ನೆಟ್ಟ ಗಿಡಗಳು

ಅರಬ್ ನಾಡಿನ ತಾಯಿಫ್ ಊರಿನ ಹೊರಗೆ, ಮಳೆ ಬಂದರೆ ಮಾತ್ರ ಹರಿಯುವ ಹಳ್ಳವೊಂದಿದೆ. ಇಲ್ಲಿಯವರು ಅದನ್ನು ವಾದಿ ಎನ್ನುತ್ತಾರೆ. ಬೇಸಿಗೆಯಲ್ಲಿ ಉಳಿಯುವ ಒಂದೇ ಗುಂಡಿಯಲ್ಲಿ ಬೆರಳುದ್ದದ ಮೀನುಗಳಿವೆ. ಅವು ಉಳಿಯಲೆಂದು ಕಲ್ಲು ಜೋಡಿಸಿ, ದಡದುದ್ದಕ್ಕೂ ಗಿಡ ನೆಡಿಸಿದವನು ಉಳ್ಳಾಲದ ನಮ್ಮ ನೆರೆಮನೆಯ ಇಬ್ರಾಹಿಂ. ಈ ಕೆಲಸದ ಸೂಪರ್‌ವೈಸರ್ ಅವನೇ; ತೋರಿಸಲೆಂದು ನನ್ನನ್ನು ಕರೆತಂದಿದ್ದ. ದಡದ ಫಲಕದಲ್ಲಿ ಮಾತ್ರ ಜಲಪಾತ ಹಾರುವ ಭಾರೀ ಸಾಲ್ಮನ್ ಮೀನಿನ ಚಿತ್ರ!

"ಪ್ಲ್ಯಾನ್ ಮಾಡಿದವರು ಚಳಿ ದೇಶದವರು ಅಕ್ಕ," ಎಂದ ಇಬ್ರಾಹಿಂ. "ಅಲ್ಲಿ ಸಾಲ್ಮನಿಗೆ ಮಾಡಿದ್ದನ್ನೇ ಇಲ್ಲಿಗೆ ತಂದದ್ದು. ಗಿಡದ ನೆರಳು ಬಿದ್ರೆ ನೀರು ತಣ್ಣಗಿರ್ತದೆ, ಮೀನು ಬದುಕ್ತದೆ ಅಂತ."

ನಾವು ಕೆಳಗಿಳಿದಾಗ ಗುಂಡಿಯ ಪಕ್ಕ ಟ್ಯಾಂಕರ್ ನಿಂತಿತ್ತು. ಪಂಪು ಆಗಲೇ ತಳದ ಕೆಸರನ್ನು ಎಳೆಯುತ್ತಿತ್ತು. ಇಬ್ರಾಹಿಂ "ಬಂದ್ ಕರೋ!" ಎಂದು ಕಿರುಚುತ್ತ ಓಡಿದ. ಪಂಪು ನಿಲ್ಲಿಸಿದ ಪಾಕಿಸ್ತಾನಿ ಡ್ರೈವರನಿಗೆ ತನ್ನ ತಪ್ಪೇನೆಂದು ಅರ್ಥವಾಗಲಿಲ್ಲ. ಗಿಡ ಒಣಗುತ್ತಿದೆ, ನೀರು ಹಾಕು ಎಂದು ನಿಮ್ಮ ಆಫೀಸಿನವರೇ ಫೋನ್ ಮಾಡಿದ್ದರು, ಹತ್ತಿರ ಬೇರೆಲ್ಲಿದೆ ನೀರು ಎಂದು ಉರ್ದುವಿನಲ್ಲಿ ಕೇಳಿದ. ಯಾರನ್ನು ಬಯ್ಯುವುದು?

ಪೈಪಿನ ಬಾಯಿಯ ಜಾಲರಿಗೆ ಮೀನುಗಳು ಅಂಟಿಕೊಂಡಿದ್ದವು. ಇಬ್ರಾಹಿಂ ಬಿಡಿಸಿ ಬಿಡಿಸಿ ಅಂಗೈಯಲ್ಲಿಟ್ಟು ನೋಡಿದ. ಒಂದೂ ಅಲುಗಾಡಲಿಲ್ಲ. ಆಮೇಲೆ ಹತ್ತಿರದ ಗಿಡದ ಬುಡವನ್ನು ಕೈಯಿಂದಲೇ ಕೆದಕಿ, ಊರಲ್ಲಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಬೂತಾಯಿ ಮೀನು ಹಾಕುವ ಹಾಗೆ ಅವನ್ನು ಅಲ್ಲಿ ಹಾಕಿ ಮಣ್ಣು ಮುಚ್ಚಿದ.

"ಗಿಡಕ್ಕಾದ್ರೂ ಆಗ್ಲಿ ಅಕ್ಕ," ಎಂದ.