ಅಲಗಿಲ್ಲದ ಕೀಸುಳಿ

ಪಾರ್ಸೆಲ್ ಬಿಚ್ಚುವಾಗ ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು ವೀಡಿಯೊ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಮೊದಲು ಪೆಟ್ಟಿಗೆಯ ಎಲ್ಲ ಬದಿಗಳು, ಆಮೇಲೆ ವಿಳಾಸದ ಚೀಟಿ, ಟೇಪನ್ನು ಯಾರಾದರೂ ಒಮ್ಮೆ ಕಿತ್ತು ಮತ್ತೆ ಅಂಟಿಸಿದ ಗುರುತು ಇದೆಯೇ ಎಂಬುದು, ಕೊನೆಗೆ ಕತ್ತರಿ. ಆನ್‌ಲೈನಿನಲ್ಲಿ ನಾನು ಮೊದಲು ತರಿಸಿದ ಉಳಿಗಳಲ್ಲಿ ಒಂದರ ಹಿಡಿ ಬಿರುಕು ಬಿಟ್ಟಿತ್ತು. ದೂರು ಕೊಟ್ಟಾಗ, ಅದು ಬಳಸುವಾಗ ಒಡೆದದ್ದೆಂಬ ಉತ್ತರ ಬಂತು. ನಾನು ಅದನ್ನು ಹೊದಿಕೆಯಿಂದ ಹೊರಗೇ ತೆಗೆದಿರಲಿಲ್ಲ. ಅಂದಿನಿಂದ ಸಾಕ್ಷಿಯಿಲ್ಲದೆ ಯಾವ ಪೆಟ್ಟಿಗೆಯನ್ನೂ ತೆರೆದಿಲ್ಲ.

ನಾನು ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಮೂಡುಬಿದಿರೆಯಲ್ಲಿ ಒಂದು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ರಜೆಯ ದಿನ ಬಾಗಿಲು ಹಾಕಿಕೊಂಡು ಮರಗೆಲಸ ಮಾಡುತ್ತೇನೆಂದು ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಯಾಕೆಂದು ಕೇಳುತ್ತಾರೆ, ಆ ಪ್ರಶ್ನೆಗೆ ನನ್ನಲ್ಲಿ ಚಿಕ್ಕ ಉತ್ತರವಿಲ್ಲ. ಪಾರ್ಸೆಲ್ ತರುವವರು ಮಹಡಿ ಹತ್ತುವುದಿಲ್ಲ. ಕೆಳಗಿನ ಬೇಕರಿಯಲ್ಲಿ ಕೊಟ್ಟು ಫೋನ್ ಮಾಡುತ್ತಾರೆ. ಬೇಕರಿಯವರು ಅದನ್ನು ಕೊಡುವ ಮೊದಲು ಒಮ್ಮೆ ಕೈಯಲ್ಲಿ ತೂಗಿ ನೋಡದೆ ಬಿಡುವವರಲ್ಲ.

"ಎಂತ ಟೀಚರೇ, ಇದ್ರೊಳಗೆ ಕಲ್ಲುಂಟಾ?"

"ಪುಸ್ತಕ."

"ಪುಸ್ತಕ ಅಲ್ಲಾಡಿಸಿದ್ರೆ ಟಣ್ ಅಂತದಾ?"

ನಾನು ನಕ್ಕು ಮೆಟ್ಟಿಲು ಹತ್ತುತ್ತಿದ್ದೆ. ಅವರು ನಂಬಲಿಲ್ಲವೆಂದು ನನಗೂ ಗೊತ್ತಿತ್ತು.

ಕಳೆದ ವರ್ಷ ನನ್ನ ಕೋಣೆಯಲ್ಲಿ ಒಂದು ಹಲಸಿನ ಹಲಗೆ ಇತ್ತು. ಬಂಟ್ವಾಳದ ನಮ್ಮ ಮನೆಗೆ ಅಣ್ಣ ಮೇಲೊಂದು ಮಹಡಿ ಕಟ್ಟಿಸಲು ಹೊರಟಾಗ ಹಳೆಯ ಅಟ್ಟವನ್ನು ಬಿಚ್ಚಿದರು. ಅದರಲ್ಲಿ ಸಿಕ್ಕಿದ್ದು. ಜೋಡಣೆಯಿಲ್ಲದ ಒಂದೇ ಹಲಗೆ, ಅಷ್ಟು ಅಗಲದ್ದು ಈಗ ಯಾವ ಮಿಲ್ಲಿನಲ್ಲೂ ಸಿಗುವುದಿಲ್ಲ. ಅದನ್ನು ಮೇಜು ಮಾಡಿಕೊಳ್ಳುತ್ತೇನೆಂದು ಕೇಳಿ ತಂದಿದ್ದೆ.

"ಮೇಜು ಬೇಕಾದ್ರೆ ಅಂಗಡಿಯಲ್ಲಿ ಸಿಗ್ತದೆ ಮಾರಾಯ್ತಿ," ಅಂದಿದ್ದ ಅಣ್ಣ. "ಆಯ್ತು, ಕೊಂಡುಹೋಗು. ಆಗ್ಲಿಲ್ಲ ಅಂತಾದ್ರೆ ಮಳೆ ಬಿಟ್ಟ ಕೂಡ್ಲೆ ವಾಪಸ್ ತಾ. ಸಾರಣೆಯವರಿಗೆ ಹತ್ತಿ ನಿಲ್ಲಲಿಕ್ಕೆ ಬೇಕು."

ಗೋಡೆಗೆ ಗಾರೆ ಮೆತ್ತುವ ಸಾರಣೆಯವರ ಕಾಲಡಿಗೆ ಹೋದ ಹಲಗೆ ಮತ್ತೆ ಹಲಗೆಯಾಗಿ ಉಳಿಯುವುದಿಲ್ಲ. ಸಿಮೆಂಟು ಹಿಡಿದು, ಮೊಳೆ ಹೊಡೆಸಿಕೊಂಡು, ಕೊನೆಗೆ ಒಲೆಗೆ ಹೋಗುತ್ತದೆ.

ಹಲಗೆಯ ಮೇಲ್ಮೈಯನ್ನು ಹೆರೆದು ನುಣುಪು ಮಾಡಲು ಕೀಸುಳಿ ಬೇಕು. ಆನ್‌ಲೈನಿನಲ್ಲಿ ಕಬ್ಬಿಣದ ಹೊಸದೊಂದನ್ನು ತರಿಸಿದೆ. ಅದಕ್ಕೆ ನಕ್ಷತ್ರಗಳು ಯಥೇಚ್ಛ ಇದ್ದವು. ಮೆಚ್ಚಿ ಬರೆದವರೆಲ್ಲ ಒಂದೇ ಮಾತನ್ನು ಒಂದೇ ತಪ್ಪಿನೊಂದಿಗೆ ಬರೆದಿದ್ದರು. ಅನುಮಾನ ಬಂದಿತ್ತು, ಆದರೂ ತರಿಸಿದೆ. ಅದರ ಅಡಿ ಸಮತಟ್ಟಾಗಿರಲಿಲ್ಲ. ಮೊದಲ ದಿನವೇ ಹಲಗೆಯ ನಡುವೆ ಅಲ್ಲಲ್ಲಿ ಕಚ್ಚಿ, ನಾರು ಎಬ್ಬಿಸಿ, ಗೀರುಗಳನ್ನು ಉಳಿಸಿತು. ಅಮ್ಮ ಫೋನಿನಲ್ಲಿ ಮೇಜು ಎಲ್ಲಿಗೆ ಬಂತೆಂದು ಕೇಳಿದಾಗ, ಆಗ್ತಾ ಉಂಟು ಎಂದೆ.

ಹೊಸದು ಬೇಡ, ನುರಿತ ಕೈಯಲ್ಲಿ ಸವೆದ ಹಳೆಯದೇ ಬೇಕೆಂದು ಸೆಕೆಂಡ್ ಹ್ಯಾಂಡ್ ಸಾಮಾನಿನ ಆ್ಯಪ್‌ಗಳನ್ನು ನೋಡತೊಡಗಿದೆ. ಅಲ್ಲಿನ ಜಗತ್ತು ಇನ್ನೂ ಸಂಶಯದ್ದು. ಒಂದೇ ಕೀಸುಳಿಯ ಒಂದೇ ಚಿತ್ರವನ್ನು ಬೇರೆ ಬೇರೆ ಊರಿನವರು ಮಾರುತ್ತಿದ್ದರು. ಅಂಥದ್ದರ ನಡುವೆ ಬೆಳ್ತಂಗಡಿಯಿಂದ ಒಂದು ಜಾಹೀರಾತು ಕಂಡಿತು. ಮರದ ಮೈಯ ಕೀಸುಳಿ. ಅಲಗಿನ ತುದಿಯೂ ಅದನ್ನು ಬಿಗಿಹಿಡಿಯುವ ಮರದ ಬೆಣೆಯೂ ಚಿತ್ರದಲ್ಲಿ ಕಾಣುತ್ತಿದ್ದವು. 'ಅಪ್ಪನದ್ದು' ಎಂದಷ್ಟೇ ಬರೆದಿತ್ತು. ಎಲ್ಲರೂ ಅಪ್ಪನದ್ದು ಎಂದೇ ಬರೆಯುತ್ತಾರೆ. ವಸ್ತು ನಿಜವಾಗಿ ಕೈಯಲ್ಲಿದೆಯೇ ಎಂದು ತಿಳಿಯಲು, ಪಕ್ಕದಲ್ಲಿ ಒಂದು ಚಮಚ ಇಟ್ಟು ಹೊಸ ಫೋಟೋ ಕಳುಹಿಸಿ ಎಂದು ಸಂದೇಶ ಬರೆದೆ.

'ಚಮಚ ಎಂತಕ್ಕೆ?' ಎಂದು ಉತ್ತರ ಬಂತು.

'ಅಳತೆ ತಿಳಿಯಲು.'

ಸ್ವಲ್ಪ ಹೊತ್ತಿನಲ್ಲಿ ಫೋಟೋ ಬಂತು. ಕೀಸುಳಿಯ ಪಕ್ಕದಲ್ಲಿ ಸಾರು ಬಡಿಸುವ ಉದ್ದದ ಸೌಟು ಮಲಗಿತ್ತು. ಮಾರುವವರು ಹೆಂಗಸು, ಬೆಳ್ತಂಗಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಹಣ ಮೊದಲೇ ಹಾಕಬೇಕು, ಕೀಸುಳಿಯನ್ನು ವೇಣೂರಿನ ಮೇಲೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸ್ತೇನೆ, ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳಿ ಎಂದರು. ನಮ್ಮಲ್ಲಿ ಔಷಧಿ, ಮದುವೆ ಕಾಗದ, ಮೊಬೈಲ್ ಚಾರ್ಜರ್ ಎಲ್ಲವೂ ಹೀಗೇ ಓಡಾಡುತ್ತವೆ, ರಶೀದಿ ಕೇಳುವವರಿಲ್ಲ. ನಾನು ಬಸ್ಸಿನ ಹೆಸರು ಬರೆದುಕೊಂಡೆ, ಹಣ ಹಾಕಿದೆ.

ಕಂಡಕ್ಟರ್ ಡ್ರೈವರ್ ಸೀಟಿನ ಹಿಂದಿನಿಂದ ಅಕ್ಕಿಚೀಲದಲ್ಲಿ ಸುತ್ತಿದ್ದನ್ನು ತೆಗೆದು, "ನಿಮ್ದಾ? ಭಾರ ಉಂಟಲ್ಲ ಅಕ್ಕ," ಎಂದು ಕೈಗಿತ್ತು ಸೀಟಿ ಊದಿದರು.

ಕೋಣೆಗೆ ಬಂದು, ಫೋನ್ ಒರಗಿಸಿಟ್ಟು ಚೀಲ ಬಿಚ್ಚಿದೆ. ಮರದ ಮೈ ಕಪ್ಪಗೆ, ಅಂಗೈ ತಾಗುವಲ್ಲೆಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬೆಣೆ ಇತ್ತು. ಅಲಗು ಇರಲಿಲ್ಲ. ಚೀಲವನ್ನು ಕೊಡವಿದೆ, ಹೊಲಿಗೆಯೊಳಗೆ ಬೆರಳು ಹಾಕಿ ನೋಡಿದೆ. ಇಲ್ಲ.

ಅಲಗಿಲ್ಲದಿದ್ದರೆ ಅದು ಬರೀ ಮರದ ತುಂಡು. ಹೊಸ ಅಲಗನ್ನು ಹಳೆಯ ಮೈಗೆ ಕೂರಿಸುವುದು ನನ್ನಿಂದಾಗುವ ಕೆಲಸವಲ್ಲ. ಮಳೆಯೂ ಬಿಡುತ್ತಾ ಬಂದಿತ್ತು. ಹಲಗೆ ಕಳಿಸುವುದಾದರೆ ಗೂಡ್ಸ್ ಆಟೋಗೆ ಹೇಳ್ತೇನೆ ಎಂದು ಅಣ್ಣ ಹಿಂದಿನ ದಿನವಷ್ಟೇ ಅಂದಿದ್ದ. ದಾರಿಯಲ್ಲಿ ಕಂಡಕ್ಟರ್ ತೆಗೆದಿರಬಹುದೇ? ಚೀಲದ ಗಂಟು ಬಿಗಿಯಾಗಿಯೇ ಇತ್ತು. ಹಾಗಾದರೆ ಆಕೆಯೇ. ಇಂಥ ಕಡೆ ನಾನು ಸಾಮಾನ್ಯವಾಗಿ ಜಗಳವಾಡುವುದಿಲ್ಲ. ಹೋದದ್ದು ಹೋಯಿತೆಂದು ನಂಬರನ್ನು ಬ್ಲಾಕ್ ಮಾಡಿ ಸುಮ್ಮನಾಗುತ್ತೇನೆ. ಈ ಸಲ ಹಲಗೆ ಎದುರಿಗೇ ಗೋಡೆಗೊರಗಿ ನಿಂತಿತ್ತು. ಫೋನ್ ಮಾಡಿದೆ.

"ಇದರಲ್ಲಿ ಬ್ಲೇಡು ಇಲ್ಲ," ಎಂದೆ.

"ಹೌದಾ?"

"ಫೋಟೋದಲ್ಲಿ ಇತ್ತು. ನಾನು ಬಿಚ್ಚಿದ್ದರ ವೀಡಿಯೊ ಇದೆ. ಇದು ಮೋಸ."

ಆ ಕಡೆ ಜೆರಾಕ್ಸ್ ಯಂತ್ರ ಹಾಳೆಗಳನ್ನು ಉಗುಳುತ್ತಲೇ ಇತ್ತು. ಆಕೆ, "ಬ್ಲೇಡು ನಿಮ್ಗೆ ಎಂತಕ್ಕೆ?" ಎಂದರು.

ಇಷ್ಟು ನಾಚಿಕೆಗೆಟ್ಟ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. "ಮರ ಹೆರೆಯಲಿಕ್ಕೆ!" ಎಂದೆ. ದನಿ ಏರಿದ್ದು ನನಗೇ ಹೊಸದು.

"ತುಳು ಬರ್ಪುಂಡಾ?" ಎಂದರು ಆಕೆ. ದೂರ ಇಡಲೆಂದೇ ನಾನು ಅಷ್ಟರವರೆಗೆ ಕನ್ನಡದಲ್ಲಿ ಮಾತಾಡಿದ್ದೆ. ಬರುತ್ತದೆ ಎಂದೆ. "ಹಾಗಾದ್ರೆ ನಾಳೆ ಅಂಗಡಿಗೆ ಬನ್ನಿ. ಬ್ಲೇಡು ಇಲ್ಲೇ ಉಂಟು. ನಿಮ್ಮ ಮರದ್ದೊಂದು ಫೋಟೋ ತನ್ನಿ."

ಹೋಗಬಾರದೆಂದುಕೊಂಡೇ ಬಸ್ಸು ಹತ್ತಿದೆ. ಇನ್ನಷ್ಟು ಹಣ ಕೇಳುತ್ತಾರೆ, ಕೇಳಿದರೆ ಏನು ಹೇಳಬೇಕೆಂಬುದನ್ನು ವೇಣೂರಿನವರೆಗೆ ಮನಸ್ಸಿನಲ್ಲೇ ತಿದ್ದಿದೆ. ಅಂಗಡಿಯಲ್ಲಿ ಆಧಾರ್ ಕಾರ್ಡು ಹಿಡಿದವರ ಸಾಲು. ಆಕೆ ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು. ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿ, ಯಂತ್ರ ನಿಲ್ಲಿಸದೆಯೇ, "ಫೋಟೋ?" ಎಂದರು.

ಅಪರಿಚಿತರಿಗೆ ನನ್ನ ಕೋಣೆಯ ಒಂದು ಮೂಲೆಯನ್ನೂ ತೋರಿಸಿದವಳಲ್ಲ. ಹಲಗೆಯಷ್ಟೇ ಕಾಣುವ ಚಿತ್ರವನ್ನು ಹುಡುಕಿ ಮುಂದೆ ಹಿಡಿದೆ. ಆಕೆ ಬೆರಳಿನಿಂದ ಹಿಗ್ಗಿಸಿ ನೋಡಿದರು.

"ಅಯ್ಯೋ ದೇವರೇ, ಇದೆಂತದು! ಬೆಕ್ಕು ಪರಚಿದ್ದಾ?"

"ಆನ್‌ಲೈನಿನಲ್ಲಿ ತರಿಸಿದ ಹೊಸ ಕೀಸುಳಿ."

ಅವರು ಸಾಲಿನವರ ಎದುರೇ ಜೋರಾಗಿ ನಕ್ಕರು. ಆಮೇಲೆ ಡ್ರಾಯರಿನಿಂದ ಹಾಳಾದ ಜೆರಾಕ್ಸ್ ಹಾಳೆಗಳಲ್ಲಿ ಸುತ್ತಿದ ಅಲಗನ್ನು ತೆಗೆದು ಮೇಜಿನ ಮೇಲಿಟ್ಟರು, ಅದರ ಮೇಲೆ ಕೈಯನ್ನೂ ಇಟ್ಟುಕೊಂಡರು.

"ಅಪ್ಪ ಹೋದ ಮೇಲೆ ಗರಗಸ, ದೊಡ್ಡ ಕೀಸುಳಿ ಎಲ್ಲ ಒಬ್ಬನಿಗೆ ಕೊಟ್ಟೆ. ಕೆಲಸದವ ಅಂತಲೇ ಹೇಳಿದ್ದ. ಮತ್ತೆ ನೋಡಿದ್ರೆ ಯಾವುದೋ ಹೋಟೆಲಿನ ಗೋಡೆಯಲ್ಲಿ, ಗರಗಸಕ್ಕೆ ಕೆಂಪು ಪೈಂಟು, ಕೀಸುಳಿಗೆ ತೂತು ಮಾಡಿ ಬಲ್ಬು. ಜನ ಅದ್ರ ಕೆಳಗೆ ಕೂತು ಐಸ್‌ಕ್ರೀಮ್ ತಿಂತಾರೆ." ಒಂದು ಹಾಳೆಯನ್ನು ಯಾರಿಗೋ ಕೊಟ್ಟು ಮುಂದುವರಿಸಿದರು. "ಅಂದಿನಿಂದ ಬ್ಲೇಡು ತೆಗೆದಿಟ್ಟೇ ಕಳಿಸುವುದು. ಗೋಡೆಗೆ ಹಾಕುವವರಿಗೆ ಬ್ಲೇಡು ಇಲ್ಲದ್ದು ಗೊತ್ತೇ ಆಗುವುದಿಲ್ಲ. ಎರಡು ಜನ ಕೊಂಡುಹೋದ್ರು, ಇವತ್ತಿನವರೆಗೆ ಫೋನಿಲ್ಲ. ಬೈದದ್ದು ನೀವೇ ಮೊದಲು."

"ನಾನು ಕೇಳದೆ ಸುಮ್ಮನಿದ್ದಿದ್ದರೆ?"

"ಹಾಗಾದ್ರೆ ನಿಮ್ಗೆ ಬೇಡ ಅಂತಲೇ ಅಲ್ವಾ?"

ಅದು ಸರಿಯಾದ ತರ್ಕವಲ್ಲವೆಂದು ನನಗೆ ಅನಿಸಿತು, ಬೇಕಾಗಿದ್ದೂ ಕೇಳದವರಿರುತ್ತಾರೆ. ಆಕೆ ಕೈ ತೆಗೆದರು. ಬಸ್ಸಿನಲ್ಲಿ ಕೂತು ಹಾಳೆ ಬಿಚ್ಚಿ, ಅಲಗಿನ ತುದಿ ಚಿತ್ರದಲ್ಲಿ ಕಂಡದ್ದೇ ಹೌದೇ ಎಂದು ಫೋನಿನೊಂದಿಗೆ ಹೋಲಿಸಿ ನೋಡಿದೆ. ಅದೇ ಆಗಿತ್ತು.

ಅಲಗು ಆ ಮೈಯೊಳಗೆ ಒತ್ತಾಯವಿಲ್ಲದೆ ಕೂತಿತು. ಸಾಣೆ ಹಿಡಿದು, ಬೆಣೆ ತಟ್ಟಿ, ಹಲಗೆಯ ಅಂಚಿನಲ್ಲಿ ಹೆದರುತ್ತಲೇ ತಳ್ಳಿದೆ. ಮೊದಲು ಪುಡಿ ಬಂತು. ಅಲಗನ್ನು ಕೂದಲೆಳೆಯಷ್ಟು ಮುಂದೆ ಸರಿಸಿದ ಮೇಲೆ ಹಳದಿ ಸುರುಳಿ, ಒಂದರ ಹಿಂದೆ ಒಂದು. ಸಂಜೆಯ ಹೊತ್ತಿಗೆ ಗೀರುಗಳು ಹೋಗಿದ್ದವು. ನಡುವಿನ ಒಂದು ಮಾತ್ರ ಆಳಕ್ಕಿಳಿದಿತ್ತು; ಅದನ್ನು ತೆಗೆಯಲು ಹೋದರೆ ಹಲಗೆ ತೀರಾ ತೆಳ್ಳಗಾಗುತ್ತಿತ್ತು, ಬಿಟ್ಟೆ. ಗೂಡ್ಸ್ ಆಟೋ ಬೇಡವೆಂದು ಅಣ್ಣನಿಗೆ ಹೇಳಿದೆ.

ಆಕೆಗೆ ನೆಲದ ಮೇಲಿನ ಸುರುಳಿಗಳ ಫೋಟೋ ಕಳುಹಿಸಿದೆ, ಬೇರೇನೂ ಕಾಣಬಾರದೆಂದು ಅಂಚುಗಳನ್ನು ಕತ್ತರಿಸಿ. ಹೊಗಳುತ್ತಾರೆಂದು ಸ್ವಲ್ಪ ಕಾದೆ. ಫೋನೇ ಬಂತು.

"ಮೇಲಿನ ಮೂಲೆಯಲ್ಲಿ ಗೋಡೆ ಕಾಣ್ತದಲ್ಲ, ಅದ್ರಲ್ಲಿ ಒಂದು ಮೊಳೆ ಉಂಟು. ಎಂತಕ್ಕೆ ಅದು? ಕೀಸುಳಿ ನೇತುಹಾಕ್ಲಿಕ್ಕಾ?"

"ಕ್ಯಾಲೆಂಡರಿಗೆ."

"ಕ್ಯಾಲೆಂಡರ್ ತೋರಿಸಿ ನೋಡುವ."

ಫೋನ್ ಇಟ್ಟುಬಿಡಬೇಕೆನಿಸಿತು. ಎದ್ದೆ, ಕಿಟಕಿಯ ಪಕ್ಕ ಬಿದ್ದಿದ್ದ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದೆ, ವೀಡಿಯೊ ಕಾಲ್ ಮಾಡಿ ಗೋಡೆಯ ಕಡೆ ತಿರುಗಿಸಿದೆ. ಆಕೆ ನೋಡಿದರು. ಆಮೇಲೆ ಕೀಸುಳಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು.