ಗೊಂಬೆಗೂ ಹಿಡಿದ ಪರದೆ

ಕ್ರಿಮಿನಾಶಕ ಲೋಷನ್ ನೀರಿನಲ್ಲಿ ಕೈ ತೊಳೆದು ತೊಳೆದು ಅವರ ಬೆರಳ ಗಿಣ್ಣುಗಳು ಬಿರಿದಿದ್ದವು. ಆದರೂ ಅವರು ಹಾಸಿದ ಹಾಸಿಗೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ.

ಗದ್ವಾಲದ ಖಾಸಗಿ ನರ್ಸಿಂಗ್ ಶಾಲೆಯೊಂದರಲ್ಲಿ ಅವರು ಹಿರಿಯ ಟ್ಯೂಟರ್, ಮಕ್ತಲ್ ಕಡೆಯವರು. ನಾನು ರಾಯಚೂರಿನಲ್ಲಿ ಓದಿ ಹೊಸದಾಗಿ ಸೇರಿದವಳು. ತೆಲಂಗಾಣ ರಾಜ್ಯ ಆಗಷ್ಟೇ ಆಗಿತ್ತು; ಗದ್ವಾಲ ಅದರ ಪಾಲಿಗೆ ಬಂದಿದ್ದರೂ ಗಡಿಯ ಊರಾದ್ದರಿಂದ ಶಾಲೆಯಲ್ಲಿ ಕನ್ನಡವೂ ನಡೆಯುತ್ತಿತ್ತು. ಎಲ್ಲರೂ ಅವರನ್ನು ಮೇಡಂ ಎಂದರೆ ನಾನು ಅಕ್ಕಾ ಎನ್ನುತ್ತಿದ್ದೆ. ಪಾಠಕ್ಕಿಟ್ಟಿದ್ದ ರಬ್ಬರ್ ಗೊಂಬೆಯ ಮೈ ಒರೆಸುವಾಗಲೂ ಮಂಚದ ಸುತ್ತ ಪರದೆ ನಿಲ್ಲಿಸದೆ ಅವರು ಕೈ ಹಚ್ಚುತ್ತಿರಲಿಲ್ಲ.

"ಅದಕ್ಕೇನು ನಾಚಿಕಿ ಐತ್ರಿ ಮೇಡಂ?" ಎಂದು ಹುಡುಗಿಯೊಬ್ಬಳು ನಕ್ಕರೆ, "ಅದಕ್ಕಿಲ್ಲವ್ವಾ, ನಿನಗ ರೂಢಿ ಆಗ್ಲಿ ಅಂತ" ಎನ್ನುತ್ತಿದ್ದರು.

ಪ್ರಿನ್ಸಿಪಾಲರು ನಾರಾಯಣಪೇಟೆಯವರು. ಟ್ಯೂಟರ್‌ಗಳನ್ನು ಹುಡುಗಿಯರೆದುರೇ ಬಯ್ಯುವುದು ಅವರ ಪದ್ಧತಿ. ಒಂದು ದಿನ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ತೋರಿಸುವಾಗ ನನ್ನ ಕೈಗವಸು ಮಂಚದ ಅಂಚಿಗೆ ತಗುಲಿತು. ಹಾಗೆ ತಗುಲಿದ ಕೈಗವಸನ್ನು ಬದಲಿಸಲೇಬೇಕು; ನಾನು ಬದಲಿಸದೆ ಮುಂದುವರಿದೆ. ಬಾಗಿಲಲ್ಲಿದ್ದ ಪ್ರಿನ್ಸಿಪಾಲರು ಒಳಗೆ ಬಂದರು.

"ರಾಯಚೂರಾಗ ಇದನ್ನ ಕಲಿಸ್ಯಾರೇನು? ನಮ್ಮ ರಾಜ್ಯ ನಮಗ ಬಂದೈತಿ. ನಿನ್ನಂಥಾಕಿ ಇಲ್ಲೇನ್ ಮಾಡಾಕ ಬಂದಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೀಗೆ ನಗೆಗೀಡಾದ ಟ್ಯೂಟರ್ ಮಾತನ್ನು ಅಲ್ಲಿ ಮತ್ತೆ ಯಾರೂ ಕೇಳುತ್ತಿರಲಿಲ್ಲ. ನನಗಿಂತ ಮುಂಚಿನವಳು ಹೀಗೆಯೇ ಕೆಲಸ ಬಿಟ್ಟಿದ್ದಳು.

ಅಲ್ಲೇ ಇದ್ದ ಅಕ್ಕ ಗಾಲಿಯ ಪರದೆಯನ್ನು ತಳ್ಳಿಕೊಂಡು ಬಂದು ನನ್ನ ಮತ್ತು ಪ್ರಿನ್ಸಿಪಾಲರ ಸುತ್ತ ನಿಲ್ಲಿಸಿದರು.

"ಇದೇನ್ರೀ ನಾಟಕ?" ಎಂದರು ಪ್ರಿನ್ಸಿಪಾಲರು.

"ತಪ್ಪು ಆಗೇತ್ರಿ, ಹೇಳ್ರಿ. ಇದರೊಳಗ ಹೇಳ್ರಿ. ಗೊಂಬಿಗೂ ಮರ್ಯಾದಿ ಕೊಡ್ತೀವಿ, ಈಕಿ ಜೀವ ಇದ್ದಾಕಿ."

ಪ್ರಿನ್ಸಿಪಾಲರು ಪರದೆ ದೂಡಿ ಹೊರನಡೆದರು. ಅಕ್ಕ ನನಗೆ ಹೊಸ ಕೈಗವಸು ಕೊಟ್ಟು, "ಮೊದಲಿಂದ ತೋರ್ಸು" ಎಂದರು. ತೋರಿಸಿದೆ. ಯಾರೂ ನಗಲಿಲ್ಲ.

ಮರುದಿನದಿಂದ ಸ್ಟಾಫ್ ರೂಮಿನಲ್ಲಿ ಅಕ್ಕನ ನಮಸ್ಕಾರಕ್ಕೆ ಉತ್ತರವಿಲ್ಲ. ಚಹಾ ಬಂದರೆ ಅವರನ್ನು ಬಿಟ್ಟು ಹಂಚುತ್ತಿದ್ದರು.

"ನನ್ನ ಬಾಜೂ ಕುಂದ್ರಬ್ಯಾಡ, ನಿನ್ನ ನೌಕರಿ ಹೊಸಾದೈತಿ" ಎಂದರು ನನಗೆ.

ಕೂತೆ.

"ಮೊಂಡಿ ಅದಿ ಬಿಡು" ಎಂದು ತಮ್ಮ ಬುತ್ತಿ ಡಬ್ಬಿಯನ್ನು ನನ್ನತ್ತ ಸರಿಸಿದರು.

ವರ್ಷದ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದೆ.

"ಹುಡುಗ್ಯಾರು ನಿನ್ನ ಮಾತು ಕೇಳ್ತಾರಿಲ್ಲೋ?" ಎಂದು ಅವರೇ ಕೇಳಿದರು.

"ಕೇಳ್ತಾರಕ್ಕಾ."

"ಮತ್ಯಾಕ ಅಳ್ತಿ?"

ಆಮೇಲೆ ಅವರು ಮಕ್ತಲ್‌ನ ಸಣ್ಣ ಆಸ್ಪತ್ರೆಯೊಂದರಲ್ಲಿ ಕೊನೆಯವರೆಗೂ ದುಡಿದರು. ತೀರಿಕೊಂಡ ಸುದ್ದಿ ಬಂದಾಗ ನಾನು ಅದೇ ಶಾಲೆಯ ತರಗತಿಯಲ್ಲಿದ್ದೆ. ಪಾಠ ಮುಗಿಸಿಯೇ ಮಕ್ತಲ್ ಬಸ್ ಹತ್ತಿದೆ.