ಅವರೂ ಫೇಲ್ ಆಗ್ತಾರೇನ್ರಿ?

"ಅಲ್ಲಿ ಬೆಳ್ಳನ ಮಂದಿಗಿ ಇಂಗ್ಲಿಷ್ ಬರಂಗಿಲ್ಲೇನವ್ವ?" ಶಹಾಪುರದಿಂದ ಗೋಗಿಗೆ ಹೊರಟಿದ್ದ ಆಟೊದಲ್ಲಿ ಪಕ್ಕದ ಅಜ್ಜಿ ಬೆರಗಾಗಿ ಕೇಳಿದರು. ರಜೆಗೆ ಊರಿಗೆ ಬಂದಿದ್ದ ನಾನು, ಸ್ಪೇನ್ ದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ ಎಂದು ಆಗಷ್ಟೇ ಹೇಳಿದ್ದೆ.

"ಅವರ ಭಾಷಿ ಬ್ಯಾರೆ ಐತ್ರಿ. ಇಂಗ್ಲಿಷ್ ಅಂದ್ರ ಅವರಿಗೂ ನಮ್ಮಂಗ ಅಂಜಿಕಿ," ಎಂದೆ.

ಅಜ್ಜಿ ನಗುತ್ತ ಜೊತೆಗಿದ್ದ ಮೊಮ್ಮಗಳ ತೊಡೆ ತಟ್ಟಿದರು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಫೇಲಾದ ಆ ಹುಡುಗಿ, ಮತ್ತೆ ಪರೀಕ್ಷೆ ಬರೆಯುವುದೇ ಇಲ್ಲವೆಂದು ಹಟ ಹಿಡಿದಿದ್ದಳಂತೆ. ಅಷ್ಟು ಹೊತ್ತು ರಸ್ತೆಯತ್ತ ಮುಖ ಮಾಡಿ ಕೂತಿದ್ದವಳು ನನ್ನತ್ತ ತಿರುಗಿದಳು.

"ಅವರೂ ಫೇಲ್ ಆಗ್ತಾರೇನ್ರಿ ಮೇಡಂ?"

"ಆಗ್ತಾರವ್ವ. ಮತ್ತ ಬರೀತಾರ."

ಇಳಿಯುವ ಮುನ್ನ ನನ್ನ ನಂಬರ್ ಕೇಳಿ ಬರೆದುಕೊಂಡಳು.

ಈಗ ಪಾಸಾಗಿ ಕಾಲೇಜು ಸೇರಿದ್ದಾಳೆ. ಆಗಾಗ ಇಂಗ್ಲಿಷಿನಲ್ಲೇ ಸಂದೇಶ ಕಳಿಸುತ್ತಾಳೆ. ತಪ್ಪುಗಳು ಬೇಕಾದಷ್ಟಿರುತ್ತವೆ. ಅವಳು ಕೇಳುವವರೆಗೆ ಒಂದನ್ನೂ ತಿದ್ದದೆ, ಖುಷಿಯಿಂದ ಓದುತ್ತೇನೆ.